ಮೈಕಿನಲ್ಲಿ ಕೂಗಿ ಹೇಳಿದ ಗುಟ್ಟು

ಪತ್ರಕರ್ತರ ಸಂಘವೊಂದರಿಂದ ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಜೋಳದ ಹಿಟ್ಟು. ನಮ್ಮ ಮನೆಯವರು ಫೋನನ್ನು ನನ್ನ ಕಿವಿಗೆ ಹಿಡಿದು ನಿಂತರು. ಈ ಸಲದ ಪ್ರಶಸ್ತಿಗೆ ತೀರ್ಪುಗಾರರಾಗಬೇಕು, ಮೂವರಲ್ಲಿ ನೀವೊಬ್ಬರು, ವಿಭಾಗ ತನಿಖಾ ವರದಿ ಎಂದು ಆ ಕಡೆಯವರು ಹೇಳಿದರು. ಬೆಳಗಾವಿಯ ಒಂದು ಕನ್ನಡ ಪತ್ರಿಕೆಯ ಕ್ರೀಡಾ ಪುಟದಲ್ಲಿ ತಲೆ ಬೆಳ್ಳಗಾಗುವ ತನಕ ದುಡಿದು ನಿವೃತ್ತಳಾದವಳು ನಾನು. ನಮ್ಮ ಕಾಲದಲ್ಲಿ ಆಟದ ಪುಟದವರನ್ನು ತನಿಖೆಯ ಹತ್ತಿರ ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ನಮ್ಮನ್ನು ಸ್ಕೋರು ಬರೆಯುವವರು ಅನ್ನುತ್ತಿದ್ದರು, ಅದೂ ಮೂಗು ಮುರಿದು. ಹಾಗಾಗಿ ಒಳಗೊಳಗೇ ಹಿಗ್ಗಿದೆ. ಆಗಲಿ ಎಂದೆ.

ನಮ್ಮ ಮನೆಯವರು ಕಾಲೇಜಿನಲ್ಲಿ ಗಣಿತ ಕಲಿಸಿದವರು. ಯಾವ ಮಾತನ್ನೂ ಬಿಡಿಸಿ ನೋಡದೆ ಬಿಡುವವರಲ್ಲ.

"ತನಿಖಾ ವರದಿ ಅಂದ್ರ ಏನು? ವರದಿ ಮಾಡಬೇಕಾದ್ರ ತನಿಖೆ ಮಾಡೇ ಮಾಡತಾರಲ್ಲ?" ಅಂದರು.

"ಎಲ್ಲಾರೂ ಮಾಡಂಗಿಲ್ರಿ. ಅದಕ್ಕ ಮಾಡಿದವರಿಗೆ ಪ್ರಶಸ್ತಿ ಕೊಡತಾರ," ಅಂದೆ. ಆಗ ಇಬ್ಬರೂ ನಕ್ಕೆವು. ಆ ನಗೆ ಎರಡು ದಿನ ಕೂಡ ಬಾಳಲಿಲ್ಲ.

ಪ್ರಶಸ್ತಿಗೆ ಬಂದ ವರದಿಗಳಲ್ಲಿ ನೀರಾವರಿ ಕಾಲುವೆಯದೊಂದಿತ್ತು, ಆಸ್ಪತ್ರೆಯ ಔಷಧಿಯದೊಂದಿತ್ತು. ಅವನ್ನು ಬರೆದವರು ಬಿಸಿಲಲ್ಲಿ ತಿರುಗಿದ್ದು ಓದಿದರೇ ಗೊತ್ತಾಗುತ್ತಿತ್ತು. ಆದರೆ ಎಲ್ಲಕ್ಕಿಂತ ಮೇಲೆ ಇಟ್ಟು ಕಳಿಸಿದ್ದು ಒಂದು ಕ್ರೀಡಾ ವಾಹಿನಿಯ ಸರಣಿ. ಅದಕ್ಕೆ ಅವರು ಇಟ್ಟ ಹೆಸರು ಅಖಾಡದ ಕಳ್ಳಾಟ. ಕ್ರೀಡಾ ಹಗರಣವನ್ನು ಬಯಲಿಗೆಳೆದ ನಮ್ಮ ತನಿಖಾ ತಂಡ ಎಂದು ಶುರುವಿನಲ್ಲೇ ಗುಡುಗು ಸಿಡಿಲಿನ ಸದ್ದು ಹಾಕಿದ್ದರು. ನಾನು ಕನ್ನಡಕ ಹಾಕಿಕೊಂಡು ಕೂತೆ. ನಮ್ಮ ಮನೆಯವರೂ ಬಾಜು ಕೂತರು.

ಸರಣಿ ನಾಲ್ಕಾರು ಕಂತಿನದಾದರೂ ಅದರಲ್ಲಿದ್ದ ಸರಕು ಒಂದೇ, ಮೊಬೈಲಿನಲ್ಲಿ ತೆಗೆದ ಒಂದು ಸಣ್ಣ ತುಣುಕು. ಖಾನಾಪುರ ತಾಲೂಕಿನ ಒಂದು ಹಳ್ಳಿಯ ಕುಸ್ತಿ ಮೈದಾನ. ಕೆಂಪು ಮಣ್ಣಿನ ಮೇಲೆ ಇಬ್ಬರು ಹುಡುಗಿಯರು ಕುಸ್ತಿ ಆಡುತ್ತಿದ್ದಾರೆ. ಇಬ್ಬರ ತಲೆಯೂ ಹತ್ತಿರ ಬಂದಾಗ ಎತ್ತರದ ಹುಡುಗಿ ಮೆಲ್ಲಗೆ ಹೇಳುತ್ತಾಳೆ: "ಎಡಗೈ ಬಿಟ್ಟೇನಿ. ಸಾವಕಾಶ ತಿರುಗು." ಇನ್ನೊಬ್ಬಳು ತಿರುಗುತ್ತಾಳೆ. ಕೊನೆಗೆ ಯಾರೂ ಗೆಲ್ಲುವುದಿಲ್ಲ, ಪಂಚರು ಇಬ್ಬರ ಕೈಯನ್ನೂ ಎತ್ತುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಅಷ್ಟೇ. ಇದನ್ನು ವಾಹಿನಿಯವರು ಮುಂದೆ ಹಿಂದೆ ಎಳೆದು, ನಿಧಾನ ಮಾಡಿ, ಎತ್ತರದ ಹುಡುಗಿಯ ಬಾಯಿಗೆ ಕೆಂಪು ವೃತ್ತ ಹಾಕಿ, ಕೆಳಗೆ ಆ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದ್ದರು. ಸ್ಟುಡಿಯೋದಲ್ಲಿ ಕೂತ ನಿರೂಪಕ, ಇದು ಕುಸ್ತಿಯೋ ನಾಟಕವೋ ಎಂದು ಕೇಳುತ್ತಿದ್ದ. ಫಿಕ್ಸಿಂಗ್ ಭೂತ ಹಳ್ಳಿಯ ಅಖಾಡಕ್ಕೂ ಬಂತು ಎಂದು ತಾನೇ ಉತ್ತರ ಹೇಳುತ್ತಿದ್ದ.

ನಾನು ಮೊದಲು ನಕ್ಕುಬಿಟ್ಟೆ. ಯಾಕೆಂದರೆ ಆ ತುಣುಕು ನೋಡಿದ ಕೂಡಲೇ ನನಗೆ ಅದು ಏನು ಅಂತ ಗೊತ್ತಾಗಿತ್ತು. ನನಗೆ ಅಂತಲ್ಲ, ನಮ್ಮ ಕಡೆ ಒಂದು ಸಲ ಕುಸ್ತಿ ಮೈದಾನದ ಅಂಚಿಗೆ ಕೂತು ಶೇಂಗಾ ತಿಂದವರಿಗೆಲ್ಲ ಗೊತ್ತಾಗುತ್ತದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಒಂದೇ ತಾಲೀಮಿನಲ್ಲಿ, ಅಂದರೆ ಒಂದೇ ಗರಡಿಯಲ್ಲಿ, ಒಂದೇ ಉಸ್ತಾದರ ಕೈಕೆಳಗೆ ಕಲಿತವರು ಮೈದಾನದಲ್ಲಿ ಒಬ್ಬರನ್ನೊಬ್ಬರು ಚಿತ್ ಮಾಡುವುದಿಲ್ಲ. ಅದು ರೂಢಿ. ಒಂದೇ ಮಣ್ಣಿನಲ್ಲಿ ಹೊರಳಾಡಿದವರು, ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ತಿಕ್ಕಿದವರು, ನಾಲ್ಕು ಊರಿನ ಜನರೆದುರು ಒಬ್ಬರ ಎದೆಯ ಮೇಲೆ ಇನ್ನೊಬ್ಬರು ಕೂರುವುದು ಸಲ್ಲ ಅನ್ನುತ್ತಾರೆ. ಹಾಗಾಗಿ ಅವರನ್ನು ಸಾಮಾನ್ಯವಾಗಿ ಜೋಡಿ ಹಾಕುವುದಿಲ್ಲ. ಆದರೆ ಒಮ್ಮೊಮ್ಮೆ ಹೊರಗಿನ ಪೈಲ್ವಾನ ಬರಬೇಕಾದವನು ಬರುವುದಿಲ್ಲ. ಗಾಡಿ ಕೆಟ್ಟಿರುತ್ತದೆ, ಜ್ವರ ಬಂದಿರುತ್ತದೆ. ಜನ ಕಾಯುತ್ತಿರುತ್ತಾರೆ. ಆಗ ಊರಿನ ಪಂಚರು ತಾಲೀಮಿನ ಇನ್ನೊಬ್ಬರನ್ನು ಇಳಿಸಿ ತೋರಿಕೆಯ ಜೋಡಿ ಮಾಡುತ್ತಾರೆ. ಘಿಸ್ಸಾ, ಢಾಕ್ ಎಂದು ಇರುವ ಪಟ್ಟುಗಳನ್ನೆಲ್ಲ ಹಾಕಿ ತೋರಿಸುತ್ತಾರೆ, ಕೊನೆಗೆ ಬರಾಬರಿ ಎಂದು ಬಿಡಿಸುತ್ತಾರೆ. ಮುಖ್ಯವಾದದ್ದು ಏನೆಂದರೆ ಕುಸ್ತಿ ಶುರುವಾಗುವ ಮೊದಲೇ ಮೈಕಿನಲ್ಲಿ ಹೇಳುತ್ತಾರೆ: ಇದು ತೋರಿಕೆಯ ಜೋಡಿ, ನಿಕಾಲಿ ಅಲ್ಲ. ನಿಕಾಲಿ ಅಂದರೆ ಸೋಲು ಗೆಲುವು ತೀರುವ ತನಕ ಆಡುವ ಕುಸ್ತಿ. ಮೈಕಿನವನು ಕನ್ನಡದಲ್ಲಿ ಒಂದು ಸಲ, ಮರಾಠಿಯಲ್ಲಿ ಒಂದು ಸಲ ಕೂಗಿ ಹೇಳುತ್ತಾನೆ. ಊರ ಹೊರಗಿನ ಗದ್ದೆಯಲ್ಲಿ ಮೇಯುವ ಎಮ್ಮೆಗೂ ಕೇಳಿಸುವಂತೆ ಹೇಳುತ್ತಾನೆ.

ಹೀಗೆ ಮೈಕಿನಲ್ಲಿ ಕೂಗಿ ಹೇಳಿದ್ದನ್ನು ಇವರು ಬಯಲಿಗೆಳೆದಿದ್ದರು. ತುಣುಕಿನಲ್ಲಿ ಆ ಕೂಗು ಇರಲಿಲ್ಲ, ಯಾರೋ ಕತ್ತರಿಸಿದ್ದರು. ಅದನ್ನು ಹುಡುಕುವ ಗೋಜಿಗೆ ವಾಹಿನಿಯವರು ಹೋಗಿರಲಿಲ್ಲ.

ಇಷ್ಟಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಪ್ರಶಸ್ತಿಗೆ ಕಳಿಸುವಾಗ ವರದಿಯ ಪರಿಣಾಮವೇನು ಎಂದು ಬರೆಯಬೇಕು. ಅವರು ಹೆಮ್ಮೆಯಿಂದ ಬರೆದಿದ್ದರು: ನಮ್ಮ ವರದಿಯಿಂದ ಎಚ್ಚೆತ್ತ ಕ್ರೀಡಾ ಸಂಸ್ಥೆ ತಪ್ಪಿತಸ್ಥ ಕುಸ್ತಿಪಟುವನ್ನು ರಾಜ್ಯ ತಂಡದ ಆಯ್ಕೆಯಿಂದ ಹೊರಗಿಟ್ಟು ವಿಚಾರಣೆಗೆ ಆದೇಶಿಸಿದೆ. ಅದನ್ನು ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ಅಂಗಳಕ್ಕೆ ಹೋಗಿ ನಿಂತೆ. ನಮ್ಮ ಮನೆಯವರು ಹಿಂದಿನಿಂದ ಬಂದು, "ಬರೇ ಸಿಟ್ಟಿಗೆದ್ರ ಏನ್ ಬಂತು? ಹೋಗಿ ನೋಡಿ ಬಾ," ಅಂದರು. ನನ್ನ ಜೊತೆ ಬಾಳಿ ಅವರಿಗೂ ಪತ್ರಿಕೆಯ ಬುದ್ಧಿ ಸ್ವಲ್ಪ ಅಂಟಿದೆ.

ಮರುದಿನ ಬೆಳಿಗ್ಗೆ ರೈಲು ಹತ್ತಿದೆ. ಬೆಳಗಾವಿಯಿಂದ ಖಾನಾಪುರ ಏನು ದೂರ? ದೇಸೂರ ದಾಟಿದ ಮೇಲೆ ಬತ್ತದ ಗದ್ದೆ ನೋಡುತ್ತ ಕೂತರೆ ಒಂದು ಚಹಾ ತಣ್ಣಗಾಗುವಷ್ಟರಲ್ಲಿ ಬಂದುಬಿಡುತ್ತದೆ. ಸ್ಟೇಶನ್ನಿನ ಹೊರಗೆ ಟಂಟಂ ರಿಕ್ಷಾ ಸಿಕ್ಕಿತು. ಕುಸ್ತಿ ಆಡುವ ಹುಡುಗಿಯ ಮನೆ ಎಂದು ಕೇಳಿದ್ದಕ್ಕೆ ಡ್ರೈವರು ಊರಿನ ಹೆಸರನ್ನೂ ಕೇಳದೆ ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ನಾನು ಒಂದೇ ಯೋಚನೆ ಮಾಡುತ್ತಿದ್ದೆ. ಇಷ್ಟು ಸುಲಭವಾಗಿ ಸಿಗುವ ಮನೆಗೆ ಸ್ಫೋಟಕ ತನಿಖಾ ತಂಡ ಎಷ್ಟು ಸಲ ಬಂದಿರಬಹುದು?

ಉತ್ತರ ಬಾಗಿಲಲ್ಲೇ ಸಿಕ್ಕಿತು. ಹುಡುಗಿಯ ತಾಯಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದರು. ಮೊದಲು ಮರಾಠಿಯಲ್ಲಿ ಯಾರು ಬೇಕು ಅಂದರು, ನನ್ನ ಕನ್ನಡ ಕೇಳಿ ತಾವೂ ಕನ್ನಡಕ್ಕೆ ಬಂದರು.

"ಟಿವಿಯವರೇನ್ರಿ?"

"ಅಲ್ರಿ. ಹಿಂದ ಪೇಪರಿನ್ಯಾಗ ಕೆಲಸಕ್ಕಿದ್ದೆ. ಈಗ ಮನ್ಯಾಗ ಇರತೇನಿ."

"ಬರ್ರಿ, ಒಳಗ ಕುಂದರ್ರಿ," ಅಂದರು. ನೀರು ತಂದುಕೊಟ್ಟ ಮೇಲೆ ಹೇಳಿದರು: "ಟಿವಿಯವರು ಬರತಾರ, ಬಂದ್ರ ಎಲ್ಲಾ ಹೇಳೂಣು ಅಂತ ಭಾಳ ದಿನ ಮನಿ ಸಾರಿಸಿ ಇಟ್ಟಿದ್ದೆ. ಕುಂದ್ರಾಕ ಬಾಜು ಮನಿಯಿಂದ ಖುರ್ಚಿ ತರಿಸಿದ್ದೆ. ಯಾರೂ ಬರಲಿಲ್ರಿ. ಖುರ್ಚಿ ವಾಪಸ್ ಕೊಟ್ಟೆ."

ಈ ಮಾತನ್ನು ಅವರು ದೂರಿನಂತೆ ಹೇಳಲಿಲ್ಲ. ಬರುತ್ತೇನೆಂದು ಬಾರದ ನೆಂಟರ ಬಗ್ಗೆ ಹೇಳುವಂತೆ ಹೇಳಿದರು. ನಾನು ನೀರಿನ ಲೋಟ ಕೆಳಗಿಟ್ಟೆ. ನನ್ನ ಜನ, ನನ್ನ ಕಸುಬಿನ ಜನ, ಈ ಹೆಂಗಸಿನ ಮಗಳ ಮಾನವನ್ನು ವಾರಗಟ್ಟಲೆ ಗಾಳಿಗೆ ತೂರಿದ್ದರು. ಆಕೆ ಮಾತ್ರ ಅವರು ಬಂದರೆ ಕೂರಲಿಕ್ಕೆ ಖುರ್ಚಿ ಇಲ್ಲವಲ್ಲ ಎಂದು ಒದ್ದಾಡಿದ್ದರು.

ತುಣುಕಿನಲ್ಲಿ ಕಂಡ ಆ ಎತ್ತರದ ಹುಡುಗಿ ತಾಲೀಮಿನಿಂದ ಬಂದಳು. ಪೈಲ್ವಾನರಿಗೆ ಆಗುವಂತೆ ಒಂದು ಕಿವಿ ಊದಿ ಮುದ್ದೆಯಾಗಿತ್ತು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಯಾರೆಂದು ಹೇಳಿದ ಮೇಲೆ ನನ್ನ ಎದುರು ನೆಲದ ಮೇಲೆ ಕೂತಳು. ಆ ದಿನದ ಕತೆ ಕೇಳಿದೆ. ನಾನು ಅಂದುಕೊಂಡಂತೆಯೇ ಇತ್ತು. ಕೊಲ್ಹಾಪುರದ ಕಡೆಯಿಂದ ಬರಬೇಕಾದ ಹುಡುಗಿ ಬರಲಿಲ್ಲ, ಪಂಚರು ಕೇಳಿಕೊಂಡರು, ಇವಳ ಗೆಳತಿಯನ್ನು ಇಳಿಸಿದರು, ಮೈಕಿನಲ್ಲಿ ಹೇಳಿದರು. ಇಬ್ಬರೂ ಸಣ್ಣಂದಿನಿಂದ ಒಂದೇ ತಾಲೀಮು, ಕ್ರೀಡಾ ಹಾಸ್ಟೆಲಿನಲ್ಲಿ ಒಂದೇ ಕೋಣೆ.

"ಎಡಗೈ ಬಿಟ್ಟೇನಿ ಅಂತ ಯಾಕ ಅಂದಿ?" ಎಂದು ಕೇಳಿದೆ.

"ಆಕಿ ಎಡಗಡೆ ಹೆಗಲ ಕೀಲು ಜಾರಿತ್ರಿ ಅಕ್ಕಾರ, ಹಾಸ್ಟೆಲಿನ್ಯಾಗ ಪ್ರಾಕ್ಟೀಸ್ ಮಾಡೂಮುಂದ. ಯಾರಿಗೂ ಹೇಳಿರಲಿಲ್ಲ. ಹೇಳಿದ್ರ ಹಾಸ್ಟೆಲಿನಿಂದ ಮನಿಗೆ ಕಳಸ್ತಾರಂತ ಅಂಜಿಕಿ. ನನಗೊಬ್ಬಾಕಿಗೆ ಗೊತ್ತಿತ್ತು. ಮೈದಾನದಾಗ ಜಗ್ಗಿದ್ರ ಮತ್ತ ಜಾರತಿತ್ತು. ಅದಕ್ಕ ಹಂಗಂದೆ."

ಹಗರಣ ಅಂದರೆ ಇದು. ಗೆಳತಿಯ ನೋಯುವ ಹೆಗಲನ್ನು ಜೋಪಾನ ಮಾಡಿದ ಮಾತಿಗೆ ಕೆಂಪು ವೃತ್ತ ಹಾಕಿ, ಒಳಸಂಚಿನ ಪಿಸುಮಾತು ಎಂದು ರಾಜ್ಯಕ್ಕೆಲ್ಲ ತೋರಿಸಿದ್ದರು.

ಈಗ ಆಕೆಯ ಗತಿ ಏನು ಎಂದು ಕೇಳಿದೆ. ಕ್ರೀಡಾ ಸಂಸ್ಥೆಯವರು ವಿಚಾರಣೆ ಮುಗಿಯುವ ತನಕ ಆಯ್ಕೆಗೆ ಬರಬೇಡ ಅಂದಿದ್ದರು. ವಿಚಾರಣೆ ಯಾವಾಗ ಎಂದು ಕೇಳಿದರೆ ಮಾಧ್ಯಮದವರು ಸಾಕ್ಷಿ ಸಮೇತ ತೋರಿಸಿದ್ದಾರಲ್ಲ ಅನ್ನುತ್ತಿದ್ದರು. ಮಾಧ್ಯಮದವರನ್ನು ಕೇಳಿದರೆ ಸಂಸ್ಥೆಯೇ ವಿಚಾರಣೆಗೆ ಹಾಕಿದೆಯಲ್ಲ ಅನ್ನುತ್ತಾರೆ. ಒಬ್ಬರಿಗೊಬ್ಬರು ಹೀಗೆ ಸಾಕ್ಷಿ ಹೇಳುತ್ತಿದ್ದರೆ ನಡುವೆ ಸಿಕ್ಕವರು ಯಾರ ಬಾಗಿಲು ತಟ್ಟಬೇಕು? ಊರೂರ ಮೈದಾನಗಳಲ್ಲೂ ಆಕೆಗೆ ಜೋಡಿ ಸಿಗುತ್ತಿರಲಿಲ್ಲ. ಆಕೆ ಬಂದರೆ ಜನ ಸೀಟಿ ಹೊಡೆಯುತ್ತಾರೆ, ಫಿಕ್ಸಿಂಗ್ ಫಿಕ್ಸಿಂಗ್ ಎಂದು ಕೂಗುತ್ತಾರೆ ಅಂತ ಪಂಚರಿಗೆ ಅಂಜಿಕೆ. ಕೊನೆಗೆ ಒಂದು ಊರಿನವರು ಒಂದು ದಾರಿ ಹೇಳಿದ್ದರಂತೆ. ಅದೇ ಗೆಳತಿಯ ಜೊತೆ, ಜನರೆದುರು, ನಿಕಾಲಿ ಕುಸ್ತಿ ಆಡಬೇಕು. ಸುಳ್ಳು ಆಟ ಅಲ್ಲ ಅಂತ ಆಡಿ ತೋರಿಸಬೇಕು. ಆಗ ಹೆಸರು ತೊಳೆದುಹೋಗುತ್ತದೆ.

"ನೀ ಏನಂದಿ?"

"ಇನ್ನೂ ಏನೂ ಹೇಳಿಲ್ರಿ. ಉಸ್ತಾದರು ಆಗೂದಿಲ್ಲ ಅಂತಾರ. ಒಪ್ಪಲಿಲ್ಲಂದ್ರ ನಾ ಮಣ್ಣಿಗೆ ಇಳಿಯೂದ ಬಂದ್ ಆಗತೈತಿ. ಕುಸ್ತಿ ಬಿಟ್ಟು ನನಗ ಮತ್ತೇನೂ ಬರೂದಿಲ್ರಿ ಅಕ್ಕಾರ."

ಆಗ ನಾನು ಮಾತು ಕೊಟ್ಟೆ. "ತಡಿ, ಒಪ್ಪಬ್ಯಾಡ," ಅಂದೆ. "ಮುಂದಿನ ವಾರ ಪ್ರಶಸ್ತಿ ತೀರ್ಪು ಮಾಡೂ ನಮ್ಮ ಸಭಾ ಐತಿ. ಅದು ತನಿಖಾನ ಅಲ್ಲ ಅಂತ ನಾವು ಬರದು ಕೊಟ್ರ, ಅದನ್ನ ಹಿಡಕೊಂಡು ನಿಮ್ಮ ಸಂಸ್ಥೆಯವರನ್ನ ಕೇಳೂಣು." ಆಕೆಯ ಮುಖ ಸ್ವಲ್ಪ ಅರಳಿತು. ತಾಯಿ ಒಳಗೆ ಹೋಗಿ ಅವಲಕ್ಕಿ ಒಗ್ಗರಣೆ ಹಾಕಿದರು.

ವಾಪಸು ಬರುವಾಗ ರೈಲಿನಲ್ಲಿ ಕೂತು ನನ್ನ ಕಸುಬಿನ ಬಗ್ಗೆಯೇ ಯೋಚಿಸಿದೆ. ಆಟದ ಸುದ್ದಿಯವರು ತನಿಖೆ ಮಾಡಲಾರರು ಅಂತ ನಾನು ಹೇಳುವುದಿಲ್ಲ. ಮಾಡಿದವರಿದ್ದಾರೆ. ನೊಂದ ಆಟಗಾರರ ಮನೆಗೆ ತಿಂಗಳುಗಟ್ಟಲೆ ಅಲೆದು, ಅವರ ಭಯ ಕಳೆಯುವ ತನಕ ಕಾದು, ದೊಡ್ಡವರ ಸಿಟ್ಟನ್ನು ತಲೆಯ ಮೇಲೆ ಹೊತ್ತು ಬರೆದವರಿದ್ದಾರೆ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ದಿನಾ ಹಗರಣ ಹಗರಣ ಎಂದು ನಾವು ನೋಡುವುದರಲ್ಲಿ ಹೆಚ್ಚಿನದು ಅಂಥದ್ದಲ್ಲ. ಪೊಲೀಸರು ಹಿಡಿದಿರುತ್ತಾರೆ, ಕೋರ್ಟಿನಲ್ಲಿ ಬಂದಿರುತ್ತದೆ, ಇಲ್ಲವೇ ಆಗದವರು ಯಾರೋ ವಾಟ್ಸಪ್ಪಿನಲ್ಲಿ ಕಳಿಸಿರುತ್ತಾರೆ. ಬೇರೆಯವರು ತಂದುಕೊಟ್ಟದ್ದಕ್ಕೆ ಬಣ್ಣ ಕಟ್ಟಿ, ಸದ್ದು ಸೇರಿಸಿ, ನಮ್ಮಲ್ಲೇ ಮೊದಲು ಎಂದು ಕೂಗುವುದು ಡಂಗುರ. ಡಂಗುರ ಸಾರುವುದೂ ಒಂದು ಕೆಲಸ, ತಪ್ಪಲ್ಲ. ಸಾರುವವನು ತನಿಖೆ ಮಾಡಿದೆ ಅನ್ನಬಾರದು ಅಷ್ಟೇ.

ಇನ್ನೊಂದು ನನಗೆ ಹೊಟ್ಟೆ ಉರಿಸಿದ್ದು. ಆ ಹುಡುಗಿ ಹೊರಗೆ ಬಿದ್ದ ಮೇಲೆ ತಂಡದಲ್ಲಿ ಆಕೆಯ ತೂಕದ ವಿಭಾಗದ ಜಾಗಕ್ಕೆ ಯಾರು ಹೋದರು? ಆಯ್ಕೆ ಹತ್ತಿರ ಬಂದಾಗಲೇ ಹಿಂದಿನ ಹಂಗಾಮಿನ ಆ ತುಣುಕು ಎಲ್ಲಿಂದ ಎದ್ದು ಬಂತು? ಮೈಕಿನ ಕೂಗನ್ನು ಕತ್ತರಿಸಿದ ಕೈ ಯಾರದು? ಇದಕ್ಕೆಲ್ಲ ಉತ್ತರ ನನಗೂ ಗೊತ್ತಿಲ್ಲ, ಸುಮ್ಮನೆ ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಆದರೆ ತನಿಖೆ ಅಂತ ಏನಾದರೂ ಮಾಡುವುದಿದ್ದರೆ ಅದು ಇಲ್ಲಿತ್ತು. ಅಲ್ಲಿಗೆ ಹೋಗಬೇಕೆಂದರೆ ಸಂಸ್ಥೆಯವರಿಗೆ ಸಿಟ್ಟು ಬರುತ್ತದೆ, ಮುಂದಿನ ಪಂದ್ಯಕ್ಕೆ ಪಾಸು ಸಿಗುವುದಿಲ್ಲ, ದೊಡ್ಡ ಆಟಗಾರರ ಸಂದರ್ಶನ ಸಿಗುವುದಿಲ್ಲ. ಖಾನಾಪುರದ ಹಳ್ಳಿಯ ಹುಡುಗಿಗೆ ಸಿಟ್ಟು ಬಂದರೆ ಯಾರಿಗೆ ಏನು ಹೋಗುತ್ತದೆ?

ಸಭೆ ಬೆಳಗಾವಿಯ ನೆಹರು ನಗರದ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ ನಡೆಯಿತು. ಉಳಿದ ಇಬ್ಬರಲ್ಲಿ ಒಬ್ಬರು ಪತ್ರಿಕೋದ್ಯಮ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರು, ಅವರೇ ಅಧ್ಯಕ್ಷರು. ಇನ್ನೊಬ್ಬರು ಒಂದು ಪತ್ರಿಕೆಯ ಮಾಜಿ ಸಂಪಾದಕರು. ಇಬ್ಬರೂ ಸಭ್ಯರು, ನನಗೆ ಹಳೆಯ ಪರಿಚಯದವರು. ಚಹಾ ಬರುವ ಮೊದಲೇ ಅವರು ಅಖಾಡದ ಕಳ್ಳಾಟಕ್ಕೆ ಪ್ರಶಸ್ತಿ ಎಂದು ಮಾತಾಡಿಕೊಂಡಿದ್ದರು.

ನಾನು ಖಾನಾಪುರಕ್ಕೆ ಹೋಗಿ ಬಂದದ್ದನ್ನು ಹೇಳಿದೆ. ರೂಢಿ ಹೇಳಿದೆ, ಮೈಕು ಹೇಳಿದೆ, ಹೆಗಲಿನ ಮಾತು ಹೇಳಿದೆ. ಪ್ರಾಧ್ಯಾಪಕರು ಗದ್ದಕ್ಕೆ ಕೈ ಕೊಟ್ಟು ಕೇಳಿದರು.

"ಖರೇ ಇರಬಹುದ್ರಿ ಮೇಡಂ. ಆದ್ರ ವಿಡಿಯೋ ಸುಳ್ಳಲ್ಲಲ್ರೀ."

"ವಿಡಿಯೋ ಸುಳ್ಳಲ್ರಿ. ಅದರ ಮುಂದಿಂದು ಹಿಂದಿಂದು ಕತ್ತರಿಸ್ಯಾರ. ಸರ, ನೀವ ಹುಡುಗರಿಗೆ ಕಲಿಸಿದವರು, ಮುಚ್ಚಿಟ್ಟಿದ್ದನ್ನ ಹೊರಗ ತಗಿಯೂದಕ್ಕ ತನಿಖಾ ಅಂತಾರ ಅಂತ. ಊರಿಗೆಲ್ಲಾ ಮೈಕಿನ್ಯಾಗ ಹೇಳಿ ಮಾಡಿದ್ದನ್ನ ಮುಚ್ಚಿಟ್ಟವರು ಯಾರ್ರಿ?"

 ಪ್ರಾಧ್ಯಾಪಕರಲ್ಲಿ ಮೇಷ್ಟರ ನ್ಯಾಯಬುದ್ಧಿ ಇನ್ನೂ ಇತ್ತು. ಬರೆದವನನ್ನೂ ಒಂದು ಮಾತು ಕೇಳೋಣ ಎಂದು ಆ ವರದಿಗಾರನಿಗೆ ಫೋನು ಹಚ್ಚಿ ಸ್ಪೀಕರು ಹಾಕಿ ಮೇಜಿನ ಮೇಲಿಟ್ಟರು. ಪ್ರಶಸ್ತಿಯ ಸುದ್ದಿಯೇ ಇರಬೇಕೆಂದು ಆತ ಖುಷಿಯಿಂದ ನಮಸ್ಕಾರ ಹೇಳಿದ.

"ಆ ಹುಡುಗಿ ನಂಬರ್ ಒಂದ್ ಕೊಡಪಾ. ಒಂದ್ ಮಾತು ಕೇಳೂಣು," ಅಂದರು ಪ್ರಾಧ್ಯಾಪಕರು.

"ಹುಡುಗೀದೇನ್ರಿ ಸರ? ಇಲ್ರಿ."

"ಆಕಿ ಗೆಳತಿದು?"

"ಅದೂ ಇಲ್ರಿ. ಪ್ರತಿಕ್ರಿಯೆಗೆ ಪ್ರಯತ್ನಿಸಿದ್ವಿ, ಸಂಪರ್ಕಕ್ಕ ಸಿಗಲಿಲ್ಲ ಅಂತ ಸ್ಟೋರಿಯೊಳಗ ಹಾಕೇವ್ರಿ."

ನನಗೆ ತಡೆಯಲಾಗಲಿಲ್ಲ. "ನಂಬರ್ ಇಲ್ದ ಹ್ಯಾಂಗ ಪ್ರಯತ್ನಿಸಿದ್ರಿ ತಮ್ಮಾ? ಮನಿಗೆ ಹೋಗಿದ್ರೇನು?"

"ಟೈಮ್ ಇರಲಿಲ್ರಿ ಮೇಡಂ," ಅಂದ ಆತ.

"ಇರಲಿ," ಅಂದೆ. "ಕ್ಲಿಪ್ ಯಾರು ಕೊಟ್ರು ಅಂತ ನಾ ಕೇಳೂದಿಲ್ಲ, ಕೊಟ್ಟವರ ಹೆಸರು ಹೇಳದ ಇರೂದು ನಿಮ್ಮ ಧರ್ಮ. ಅವರು ಅದನ್ನ ಆಯ್ಕೆ ಹೊತ್ತಿಗೇ ಯಾಕ ಕೊಟ್ರು ಅಂತ ನೀವರೆ ಕೇಳಿದ್ರೇನು?"

"ಅದು ನಮಗ ಸಂಬಂಧ ಇಲ್ರಿ ಮೇಡಂ. ಕ್ಲಿಪ್ ಅಸಲಿ ಐತಿ. ನಮಗ ಅಷ್ಟ ಸಾಕು."

ಪ್ರಾಧ್ಯಾಪಕರು ಫೋನು ಇಟ್ಟರು. ಅವರ ಮುಖ ಸಣ್ಣದಾಗಿತ್ತು. ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ. ಆದರೆ ಸಭ್ಯ ಜನಕ್ಕೆ ನಡುದಾರಿ ಹುಡುಕುವ ಚಟ ಇರುತ್ತದೆ. ಮಾಜಿ ಸಂಪಾದಕರು ಚಹಾದ ಕಪ್ಪನ್ನು ಪಕ್ಕಕ್ಕಿಟ್ಟು ಹೇಳಿದರು: "ಹಂಗಾದ್ರ ತನಿಖಾ ಪ್ರಶಸ್ತಿ ಕಾಲುವಿ ಸುದ್ದಿಗೆ ಕೊಡೂಣು. ಇದಕ್ಕ ವಿಶೇಷ ಬಹುಮಾನ ಅಂತ ಮಾಡೂಣು. ಪರಿಣಾಮ ಭಾರೀ ಆಗೇತಿ ಅಲ್ರಿ."

"ಯಾರ ಮ್ಯಾಲ ಆಗೇತ್ರಿ ಪರಿಣಾಮ?" ಅಂದೆ. ನನ್ನ ದನಿ ಏರಿತ್ತು, ಹೋಟೆಲಿನ ಹುಡುಗ ಇಣುಕಿ ಹೋದ. "ಇದು ತನಿಖಾ ಅಲ್ಲ, ಆ ಹುಡುಗಿ ತಪ್ಪು ಮಾಡಿಲ್ಲ ಅಂತ ಎರಡು ಸಾಲು ಬರದು ಕೊಡ್ರಿ. ನನಗ ಮತ್ತೇನೂ ಬ್ಯಾಡ."

"ಅದು ನಮ್ಮ ಕೆಲಸ ಅಲ್ರಿ. ನಾವು ಬಹುಮಾನ ಕೊಡಾವ್ರು. ಬ್ಯಾರೆಯವರ ಸುದ್ದಿ ಸುಳ್ಳು ಅಂತ ಬರಿಯಾವ್ರಲ್ಲ," ಅಂದರು ಮಾಜಿ ಸಂಪಾದಕರು.

ನಾನು ಸಹಿ ಹಾಕದೆ ಎದ್ದು ಬಂದೆ. ಇಬ್ಬರ ಸಹಿ ಸಾಕಾಯಿತು. ಮರುದಿನದ ಪತ್ರಿಕೆಯಲ್ಲಿ ವಿಶೇಷ ಬಹುಮಾನದ ಸುದ್ದಿ ಬಂತು. ವಾಹಿನಿಯವರು ವಿಶೇಷ ಅನ್ನುವ ಪದ ಬಿಟ್ಟು, ಅಖಾಡದ ಕಳ್ಳಾಟ ತನಿಖೆಗೆ ಪ್ರಶಸ್ತಿ ಎಂದು ದಿನವಿಡೀ ಹಾಕಿದರು.

ನಾನು ಹುಡುಗಿಗೆ ಫೋನು ಮಾಡಿದೆ. ಹೇಗೆ ಶುರು ಮಾಡುವುದು ಅಂತ ತಿಳಿಯಲಿಲ್ಲ. ಆಕೆಯೇ ಹೇಳಿದಳು: "ಟಿವಿಯೊಳಗ ನೋಡಿದೆ. ಇರಲಿ ಬಿಡ್ರಿ ಅಕ್ಕಾರ. ನಾ ಕುಸ್ತಿ ಒಪ್ಪಕೊಂಡೇನಿ."

"ನಿನ್ನ ಗೆಳತಿ?"

"ಆಕಿನೂ ಒಪ್ಪ್ಯಾಳ. ನನ್ನ ಸಲುವಾಗಿ."

ಕುಸ್ತಿಯ ದಿನ ನಾನೂ ನಮ್ಮ ಮನೆಯವರೂ ಹೋದೆವು. ಸುಗ್ಗಿ ಮುಗಿದ ಗದ್ದೆಯಲ್ಲಿ ಮೈದಾನ ಮಾಡಿದ್ದರು. ಕೆಂಪು ಮಣ್ಣಿಗೆ ಎಣ್ಣೆ, ಲಿಂಬೆಹುಳಿ ಹಾಕಿ ಹದ ಮಾಡಿದ್ದರು. ಸುತ್ತಲಿನ ಊರಿನವರೆಲ್ಲ ಬಂದಿದ್ದರು, ಎಂದೂ ಬಾರದವರೂ ಈ ಸಲ ಬಂದಿದ್ದರು. ಇಬ್ಬರು ಹುಡುಗಿಯರು ಮಣ್ಣಿಗಿಳಿದರು. ಹಿಂದೆಲ್ಲ ಇಳಿದ ಕೂಡಲೇ ಒಬ್ಬರ ಬೆನ್ನಿಗೆ ಒಬ್ಬರು ಮಣ್ಣು ತಿಕ್ಕುತ್ತಿದ್ದರಂತೆ. ಈ ಸಲ ಒಬ್ಬೊಬ್ಬರೇ ತಮ್ಮ ಮೈಗೆ ಮಣ್ಣು ಹಚ್ಚಿಕೊಂಡರು. ಉಸ್ತಾದರು ಬಂದಿರಲಿಲ್ಲ. ಮೈಕಿನವನು ಕನ್ನಡದಲ್ಲಿ ಒಂದು ಸಲ, ಮರಾಠಿಯಲ್ಲಿ ಒಂದು ಸಲ ಕೂಗಿದ: ಇದು ನಿಕಾಲಿ ಜೋಡಿ, ತೋರಿಕೆಯದಲ್ಲ. ಹಲಗಿ ಬಾರಿಸಿದರು.

ಬಹಳ ಹೊತ್ತು ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ಸುತ್ತಿದರು. ಜನ ಕಾದರು, ಆಮೇಲೆ ಒಂದು ಮೂಲೆಯಿಂದ ಸೀಟಿ ಬಂತು. ಫಿಕ್ಸಿಂಗ್ ಎಂದು ಯಾರೋ ಕೂಗಿದರು, ನಾಲ್ಕಾರು ಜನ ನಕ್ಕರು. ಆಗ ಎತ್ತರದ ಹುಡುಗಿ ಕಣ್ಣು ಮುಚ್ಚಿ ತೆರೆದದ್ದನ್ನು ನಾನು ನೋಡಿದೆ. ಮರುಕ್ಷಣ ಗೆಳತಿಯ ಎಡಗೈ ಹಿಡಿದು ಒಮ್ಮೆಲೇ ಜಗ್ಗಿದಳು. ಗೆಳತಿ ಕೂಗಿದಳು. ಆ ಕೂಗು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಬೆನ್ನು ಮಣ್ಣಿಗೆ ಹತ್ತಿತ್ತು, ಕುಸ್ತಿ ಮುಗಿದಿತ್ತು.

ಪಂಚರು ಗೆದ್ದವಳ ತಲೆಗೆ ಪಟಗಾ ಸುತ್ತಿದರು. ಸೋತವಳನ್ನು ಅವಳ ಅಣ್ಣಂದಿರು ಎತ್ತಿಕೊಂಡು ಟಂಟಂ ಹತ್ತಿಸಿದರು. ಗೆದ್ದವಳು ಅತ್ತ ಹೋಗಲು ಜನರ ನಡುವೆ ತೂರಿದಳು. ಅಷ್ಟರಲ್ಲಿ ಮೈಕು ಹಿಡಿದ ಒಬ್ಬಾತ ಅಡ್ಡ ಬಂದ. ಮೈಕಿನ ಮೇಲಿನ ಗುರುತು ನೋಡಿದೆ, ದನಿ ಕೇಳಿದೆ. ನಮ್ಮ ಮೇಜಿನ ಮೇಲಿನ ಫೋನಿನಲ್ಲಿ ನಮಸ್ಕಾರ ಹೇಳಿದ ದನಿ ಅದು. ಆ ಹುಡುಗಿಯ ಊರಿನ ಕಡೆಗೆ ಆತ ಬಂದದ್ದು ಅದೇ ಮೊದಲು.

"ಅಸಲಿ ಕುಸ್ತಿ ಆಡಿ ಗೆದ್ದೀರಿ. ಈಗ ಹ್ಯಾಂಗ ಅನಸ್ತೈತ್ರಿ?"

ಆಕೆ ಅವನ ಹೆಗಲಿನ ಮೇಲಿಂದ ಟಂಟಂ ಹೋದ ದಾರಿಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಆಕಿ ಹೆಗಲ ಎಲ್ಲಿ ಜಾರತೈತಿ ಅಂತ ನನಗೊಬ್ಬಾಕಿಗೆ ಗೊತ್ತಿತ್ರಿ," ಅಂದಳು. "ಅಲ್ಲೇ ಜಗ್ಗಿದೆ."

ಆತ ಮೈಕನ್ನು ಇನ್ನಷ್ಟು ಹತ್ತಿರ ಹಿಡಿದ. "ಅದ ಬ್ಯಾಡ್ರಿ. ಗೆದ್ದ ಖುಷಿ ಬಗ್ಗೆ ಹೇಳ್ರಿ," ಅಂದ.

ನಾನು ಮುಂದೆ ಹೋಗಿ ಆ ಮೈಕನ್ನು ಕಿತ್ತುಕೊಳ್ಳಬೇಕೆಂದು ಕೈ ಚಾಚಿದೆ. ನಮ್ಮ ಮನೆಯವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಹಿಡಿಯಬಾರದಿತ್ತು ಎಂದು ಅವರೇ ಆಮೇಲೆ ಹೇಳಿದರು.

ಮರುದಿನ ವಾಹಿನಿಯಲ್ಲಿ ಗೆಳತಿ ಬಿದ್ದದ್ದನ್ನು ನಿಧಾನ ಮಾಡಿ, ಮತ್ತೆ ಮತ್ತೆ ತೋರಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ನಮ್ಮ ತನಿಖಾ ವರದಿಯ ಪರಿಣಾಮ, ಅಖಾಡಕ್ಕೆ ಮರಳಿದ ಅಸಲಿ ಕುಸ್ತಿ. ಗೆದ್ದ ಹುಡುಗಿ ಮೈಕಿನೆದುರು ತುಟಿ ಅಲ್ಲಾಡಿಸುವುದು ಕಾಣುತ್ತಿತ್ತು, ಅದರ ಮೇಲೆ ಹಲಗಿಯ ಸದ್ದು ಹಾಕಿದ್ದರು. ಈ ಸಲ ಆಕೆಯ ಬಾಯಿಗೆ ಕೆಂಪು ವೃತ್ತ ಇರಲಿಲ್ಲ, ಆಡಿದ ಮಾತೂ ಇರಲಿಲ್ಲ.